ಹತ್ತು ಗಂಟೆ ಅಂದರೆ ಯಾವ ಹತ್ತು?

"ಸುಳ್ಳು ಹೇಳಬೇಡಪ್ಪಾ ವೇಡ್. ನಿನಗದು ಒಗ್ಗಲ್ಲ. ಕಿವಿ ಕೆಂಪಗಾಗತ್ತೆ."

ವೇಡ್ ಹಾಲ್ಕಂಬ್ ಥಟ್ಟನೆ ಕಿವಿ ಮುಟ್ಟಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಅವನ ಮೊಮ್ಮಗನೇ ಇರಬೇಕು ಇವನು. ಮುಟ್ಟಿದ ಮೇಲೆ ಎಡವಟ್ಟಾಯಿತು ಅಂತ ಗೊತ್ತಾಗಿ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ.

ಪತ್ತೇದಾರಿಣಿ ಡೊರೀತಾ ಮಿಮ್ಸ್ ಕೂರು ಅನ್ನಿಸಿಕೊಳ್ಳದೆಯೇ ಕುರ್ಚಿ ಎಳೆದುಕೊಂಡು ಕೂತಳು. ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಸಕ್ಕರೆ ಚಹಾ ಮಾತ್ರ. ಹಸಿವು, ಸೆಕೆ, ಜೊತೆಗೆ ತನ್ನ ಮೇಲೇ ತನಗೆ ಸಿಟ್ಟು.

ಸಿಟ್ಟಿಗೆ ಕಾರಣವಿತ್ತು. ಟಾಲಿ ಫೆರಿಯ ಕೋಳಿ ಕಾರ್ಖಾನೆಯಲ್ಲಿ, ಮಾಂಸ ತಣ್ಣಗಿಡುವ ಯಂತ್ರಗಳಿರುವ ಕಂಪ್ರೆಸರ್ ರೂಮಿನಲ್ಲಿ, ಸುರಕ್ಷತಾ ಅಧಿಕಾರಿ ರಾಯ್ಸ್ ಎಂಟ್ರೆಕಿನ್ ಅಮೋನಿಯಾ ಗಾಳಿಗೆ ಉಸಿರುಕಟ್ಟಿ ಸತ್ತಿದ್ದ. ಯಾರೋ ವಾಲ್ವ್ ತಿರುಗಿಸಿ ಬಾಗಿಲಿಗೆ ಹೊರಗಿನಿಂದ ನಟ್ಟು ಬಿಚ್ಚುವ ಪಾನಾ ಸಿಕ್ಕಿಸಿದ್ದರು. ಪಾನಾ ಮೆಕ್ಯಾನಿಕ್ ವರ್ಲನ್ ಗಿಲ್ಯಾರ್ಡ್‌ನದು. ಬಾಗಿಲು ತೆಗೆದ ಕಾರ್ಡೂ ಅವನದೇ. ಬೇಡಿ ಹಾಕಿದ ಕೈ ಡೊರೀತಾಳದು.

ಅರವತ್ತು ದಾಟಿದ ಮನುಷ್ಯ. ಚರ್ಚಿನಲ್ಲಿ ಪಾದ್ರಿಗೆ ನೆರವಾಗುವ ಡೀಕನ್. ಡೊರೀತಾಳ ತಾಯಿ ತೀರಿಕೊಂಡಾಗ ಪೆಟ್ಟಿಗೆಗೆ ಹೆಗಲು ಕೊಟ್ಟವನು. ಬೇಡಿ ಹಾಕುವಾಗ ಒಂದು ಮಾತೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ಯಾವಾಗ ಒಳಗೆ ಹೋದೆ ಅಂದರೆ ಸುಮ್ಮನೆ. ಯಾಕೆ ಹೋದೆ ಅಂದರೂ ಸುಮ್ಮನೆ. ಅವನ ವಕೀಲರೇ ತಲೆ ಚಚ್ಚಿಕೊಂಡಿದ್ದರು.

ಇವತ್ತು ಎರಡು ಗಂಟೆಗೆ ಜಡ್ಜ್ ಮುಂದೆ ವೇಡ್ ಬಂದು ಪ್ರಮಾಣ ಮಾಡುತ್ತಾನೆ. ಕಾರ್ಖಾನೆಯ ಬಾಗಿಲುಗಳ ಡೇಟಾಬೇಸ್ ಕಟ್ಟಿದವನು ಅವನೇ. ಅದರಲ್ಲಿರುವ ಟೈಮು ಸರಿ ಅಂತ ಅವನು ಹೇಳಿದರೆ ಕೊಲೆ ಕೇಸು ನಿಲ್ಲುತ್ತದೆ. ಆಮೇಲೆ ವರ್ಲನ್ ಜೀವಂತ ಹೊರಗೆ ಬರುವ ಮಾತು ಮರೆತುಬಿಡಬೇಕು.

"ಮೇಡಂ," ವೇಡ್ ಗಂಟಲು ಸರಿಮಾಡಿಕೊಂಡ. "ನಾನು ಬರೆದುಕೊಟ್ಟಿದೀನಲ್ಲ. ವರ್ಲನ್ ಕಾರ್ಡು ಬಾಗಿಲು ತೆಗೆದದ್ದು ಹತ್ತೂ ಹತ್ತಕ್ಕೆ, ಸೆಂಟ್ರಲ್ ಟೈಮು. ನಿಮ್ಮ ಶೆರಿಫ್ ಕಚೇರಿಗೆ ಅಲಾರಂ ಬಂದದ್ದು ಹತ್ತೂ ಇಪ್ಪತ್ತಕ್ಕೆ. ಇನ್ನೇನು ಬೇಕು?"

"ಆ ಸೆಂಟ್ರಲ್ ಅನ್ನೋದು ಎಲ್ಲಿಂದ ಬಂತು ಅಂತ ಬೇಕು."

ಹೊರಗಿನವರಿಗೆ ಇದು ತಲೆಗೆ ಹುಳ ಬಿಟ್ಟ ಹಾಗೆ. ಟಾಲಿ ಫೆರಿಯವರಿಗೆ ನೀರು ಕುಡಿದಷ್ಟು ಸಲೀಸು. ನದಿಯ ಆ ದಡ, ಟಾಲಿ ಫೆರಿ ಇರುವ ಕಡೆ, ಅಲಬಾಮಾ; ವೇಡ್‌ನ ಆಫೀಸಿರುವ ಈ ದಡ ಜಾರ್ಜಿಯಾ. ಈ ದಡದ ಗಡಿಯಾರ ಒಂದು ಗಂಟೆ ಮುಂದೆ. ಸರ್ಕಾರದವರು ಈ ದಡದ್ದನ್ನು ಈಸ್ಟರ್ನ್, ಆ ದಡದ್ದನ್ನು ಸೆಂಟ್ರಲ್ ಅನ್ನುತ್ತಾರೆ. ಊರವರ ಬಾಯಲ್ಲಿ ಅದು ಮುಂದಿನ ಟೈಮು, ಹಿಂದಿನ ಟೈಮು. ಟಾಲಿ ಫೆರಿಯಲ್ಲಿ ಕೋರ್ಟು, ಶಾಲೆ, ಶೆರಿಫ್ ಕಚೇರಿ ಹಿಂದಿನ ಟೈಮಿಗೆ ನಡೆಯುತ್ತವೆ. ಮದುವೆಗೆ ಕರೆಯುವಾಗ ಯಾವ ಟೈಮು ಅಂತ ಬಿಡಿಸಿ ಹೇಳದಿದ್ದರೆ ಕೆಟ್ಟಿತು. ಹೆಣ್ಣಿನ ಕಡೆಯವರು ಕೇಕ್ ತಿಂದು ಕೈತೊಳೆದ ಮೇಲೆ ಗಂಡಿನ ಕಡೆಯವರು ಬಂದಿಳಿದ ಮದುವೆಗಳೂ ಆಗಿವೆ.

ಕೋಳಿ ಕಾರ್ಖಾನೆ ಮಾತ್ರ ಇರುವುದು ಅಲಬಾಮಾದ ಮಣ್ಣಿನಲ್ಲಿ, ನಡೆಯುವುದು ಜಾರ್ಜಿಯಾದ ಟೈಮಿಗೆ. ಅರ್ಧ ಜನರೂ ಎಲ್ಲ ಲಾರಿಗಳೂ ಸೇತುವೆ ದಾಟಿಯೇ ಬರಬೇಕು. ಮೊದಲಿನಿಂದ ಹಾಗೇ ನಡೆದುಬಂದಿದೆ. ಅದಕ್ಕೇ ಕಾರ್ಖಾನೆ ಮಾತು ಬಂದರೆ ಯಾವ ಟೈಮು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವುದೇನಿದೆ, ಗೊತ್ತಿರುವುದೇ. ಹುಟ್ಟಿದಂದಿನಿಂದ ಆ ಗೊತ್ತಿರುವುದರಲ್ಲೇ ಬೆಳೆದ ಡೊರೀತಾ ಕೂಡ, ಕಾಗದದಲ್ಲಿ ಸೆಂಟ್ರಲ್ ಅಂತ ಅಚ್ಚಾಗಿದ್ದನ್ನು ನೋಡಿ, ಓಹೋ ಕಂಪ್ಯೂಟರ್ ಸರ್ಕಾರದ ಲೆಕ್ಕ ಇಟ್ಟುಕೊಂಡಿದೆ ಅಂದುಕೊಂಡು ಬಿಟ್ಟಿದ್ದಳು.

"ಮೇಡಂ, ನಿಮಗೆ ಇದರ ಒಳಗುಟ್ಟು ಗೊತ್ತಿಲ್ಲ," ವೇಡ್ ಮೇಷ್ಟರ ದನಿ ತೆಗೆದ. "ಟೈಮನ್ನ ನಾವು ಗ್ರೀನ್‌ವಿಚ್ ಲೆಕ್ಕದಲ್ಲಿ ಇಡ್ತೀವಿ. ಇಡೀ ಜಗತ್ತಿಗೆ ಒಂದೇ ಟೈಮು. ನೋಡೋರು ಯಾವ ಊರಿನವರೋ ಆ ಊರಿನ ಟೈಮಿಗೆ ತಿರುಗಿಸಿ ತೋರಿಸ್ತೀವಿ. ತಪ್ಪೋ ಮಾತೇ ಇಲ್ಲ."

"ಭಾಳ ಚೆನ್ನಾಗಿದೆ. ಹಾಗಾದ್ರೆ ಇದನ್ನ ಓದು."

ಚೀಲದಿಂದ ಕಾಗದ ತೆಗೆದು ಅವನ ಮುಂದೆ ಸರಿಸಿದಳು. ಸರ್ಕಾರಿ ವಕೀಲರು ಕೊಟ್ಟದ್ದು. ಆ ದಿನ ಬೆಳಿಗ್ಗೆಯಿಂದ ಅಲಾರಂ ಹೊಡೆದ ಗಳಿಗೆಯವರೆಗೆ ಯಾವ ಕಾರ್ಡು ಯಾವ ಬಾಗಿಲು ತೆಗೆಯಿತು ಅನ್ನುವುದೆಲ್ಲ ಅದರಲ್ಲಿತ್ತು.

"ಕಂಪ್ರೆಸರ್ ರೂಮ್ ಬಿಡು. ದೊಡ್ಡ ಗೇಟು ನೋಡು. ಜನ ಯಾವಾಗ ಒಳಗೆ ಬಂದ್ರು?"

"ಏಳಕ್ಕೆ ಸ್ವಲ್ಪ ಮುಂಚೆ. ಎಲ್ಲಾ ಒಟ್ಟಿಗೆ ಬಂದಿದಾರೆ. ಶಿಫ್ಟು ಏಳಕ್ಕಲ್ವಾ."

"ಏಳಕ್ಕೇ. ಮುಂದಿನ ಟೈಮು ಏಳಕ್ಕೆ. ನೀನು ಬರೆದಿರೋ ಸೆಂಟ್ರಲ್ ಪ್ರಕಾರ ಅದು ಆರು ಗಂಟೆ ಆಗಬೇಕಿತ್ತು ಕಣಪ್ಪ. ನನ್ನ ತಂಗಿ ಮಾರ್ವಾ ಅಲ್ಲೇ ಕೋಳಿ ಕೊಯ್ಯೋದು. ಸೆಂಟ್ರಲ್ ಏಳು ಅಂದ್ರೆ ಅವಳು ಒಂದು ಗಂಟೆ ಕೆಲಸಾನೂ ಮುಗಿಸಿ, ಸೂಪರ್‌ವೈಸರ್ ಹತ್ರ ಒಂದು ಜಗಳಾನೂ ಮುಗಿಸಿರ್ತಾಳೆ. ನಿನ್ನ ಕಾಗದದಲ್ಲಿ ಅವಳು ಆಗತಾನೇ ಗೇಟಿಗೆ ಬರ್ತಿದಾಳೆ!"

ಇವತ್ತು ಬೆಳಿಗ್ಗೆಯವರೆಗೆ ಇದು ಡೊರೀತಾಳ ಕಣ್ಣಿಗೂ ಬಿದ್ದಿರಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ವರ್ಲನ್ ಮಗಳು ಡನೀಷಾ ಅವಳ ತೋಳು ಹಿಡಿದುಕೊಂಡು ಅತ್ತಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ಅದೇ ಕಾರ್ಖಾನೆಯ ಲ್ಯಾಬಿನಲ್ಲಿ ಎಂಟ್ರೆಕಿನ್ ಕೈಕೆಳಗೆ ಕೆಲಸಕ್ಕಿದ್ದವಳು. "ಮಿಸ್ ಡೊರೀತಾ, ನಮ್ಮಪ್ಪ ಹಾಗೆ ಮಾಡೋರಲ್ಲ. ನಿಮಗೂ ಗೊತ್ತು. ಇನ್ನೊಂದ್ಸಲ ನೋಡಿ, ನಿಮ್ಮ ಕಾಲಿಗೆ ಬೀಳ್ತೀನಿ." ತಾಯಿಯಿಲ್ಲದ ಮಗಳು, ಅಪ್ಪನೇ ಜಡೆ ಹೆಣೆದು ಶಾಲೆಗೆ ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದ ಡೊರೀತಾಳಿಗೆ ಕರುಳು ಕಿತ್ತು ಬಂದಿತ್ತು. ಕೊಡಬಾರದ ಮಾತು ಕೊಟ್ಟುಬಿಟ್ಟಿದ್ದಳು. "ಎರಡು ಗಂಟೆ ಒಳಗೆ ನಿಮ್ಮಪ್ಪನ್ನ ಬಿಡಿಸೋ ದಾರಿ ಹುಡುಕ್ತೀನಿ ಕಣೇ." ಹುಡುಗಿಯನ್ನು ಕಳಿಸಿ, ಕಾರಿನಲ್ಲಿ ಕೂತು, ಮತ್ತೆ ಮೊದಲಿನಿಂದ ಓದಲು ಹೋದಾಗ ತಂಗಿಯ ಹೆಸರು ಕಂಡಿತ್ತು.

ವೇಡ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದ. "ಆವತ್ತು ಶಿಫ್ಟು ತಡವಾಗಿ ಶುರುವಾಗಿರಬಹುದು."

"ಇಡೀ ಕಾರ್ಖಾನೆಗೆ ಒಟ್ಟಿಗೆ ನಿದ್ದೆ ಹತ್ತಿತ್ತಾ?"

"ನೋಡಿ, ನಿಮಗೆ ಅನುಮಾನ ಇದ್ರೆ ಇಡೀ ದಿನದ್ದು ತೋರಿಸ್ತೀನಿ. ನನ್ನ ಸಾಮಾನಿನಲ್ಲಿ ತಪ್ಪಿಲ್ಲ." ಅವನಿಗೂ ರೋಷ ಬಂದಿತ್ತು. ಪಟಪಟ ಕೀಲಿಮಣೆ ಕುಟ್ಟಿ, ಪರದೆಯನ್ನು ಅವಳ ಕಡೆ ತಿರುಗಿಸಿದ.

ಸಾಲುಗಳು ಇಳಿಯುತ್ತಾ ಹೋದವು. ಡೊರೀತಾ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಅಲಾರಂ ಹೊತ್ತು ಬಂತು, ದಾಟಿತು. ಸಾಲುಗಳು ನಿಲ್ಲಲಿಲ್ಲ. ಪ್ಯಾಕಿಂಗ್ ಬಾಗಿಲು, ಕ್ಯಾಂಟೀನ್ ಬಾಗಿಲು, ಮತ್ತೆ ಪ್ಯಾಕಿಂಗ್.

"ವೇಡ್, ಒಂದು ಕೇಳ್ತೀನಿ. ಗ್ಯಾಸ್ ಅಲಾರಂ ಹೊಡೆದ್ರೆ ನಿನ್ನ ಬಾಗಿಲುಗಳು ಏನ್ಮಾಡ್ತವೆ?"

"ಎಲ್ಲಾ ಬೀಗ ಬಿಟ್ಕೊಳ್ತವೆ!" ಈ ಪ್ರಶ್ನೆಗೆ ಅವನ ಎದೆಯುಬ್ಬಿತು. "ಜನ ಓಡಬೇಕಲ್ಲ ಮೇಡಂ. ಯಾರೂ ಕಾರ್ಡು ಹಿಡ್ಕೊಂಡು ನಿಲ್ಲಬೇಕಾಗಿಲ್ಲ. ಆವತ್ತು ಸಂಜೆವರೆಗೂ ಬಾಗಿಲುಗಳು ತೆರೆದೇ ಇದ್ವು. ನಾನೇ ಬಂದು ಮತ್ತೆ..."

ಅವನ ಕಣ್ಣು ಪರದೆಗೆ ಹೋಯಿತು.

"ಮತ್ತೆ?" ಡೊರೀತಾ ಬೆರಳನ್ನು ಪರದೆಯ ಮೇಲಿಟ್ಟಳು. "ಅಲಾರಂ ಆದ ಮೇಲೂ ಒಂದು ಗಂಟೆ ಹೊತ್ತು ಇವರೆಲ್ಲ ಕಾರ್ಡು ಉಜ್ಜಿದಾರೆ. ತೆರೆದಿರೋ ಬಾಗಿಲಿಗೆ. ವಿಷದ ಗಾಳಿ ನುಗ್ಗಿ ಬರ್ತಿರುವಾಗ ಕ್ಯಾಂಟೀನಿಗೆ ಹೋಗಿದಾರೆ. ಏನಪ್ಪಾ, ಆವತ್ತು ಚಿಕನ್ ಅಷ್ಟು ರುಚಿಯಾಗಿತ್ತಾ?"

ವೇಡ್ ಬಾಯಿ ಮೇಲೆ ಕೈಯಿಟ್ಟುಕೊಂಡ. ಕಿವಿಯಿಂದ ಶುರುವಾದ ಕೆಂಪು ಕುತ್ತಿಗೆಗೆ ಇಳಿದಿತ್ತು.

"ನಿನ್ನ ಡೇಟಾಬೇಸಿನಲ್ಲಿ ಗ್ರೀನ್‌ವಿಚ್ಚೂ ಇಲ್ಲ, ಗ್ರೀನ್ ಬೀನ್ಸೂ ಇಲ್ಲ. ಹೌದೋ ಅಲ್ವೋ?"

"ಇಲ್ಲ. ಇಲ್ಲ ಮೇಡಂ."

ಆಮೇಲೆ ಒಡೆದ ಕೆರೆಯ ಹಾಗೆ ಹೇಳಿಕೊಂಡ. ಮೊದಲ ಸಲ ಕಟ್ಟುವಾಗ ಸರಿಯಾಗಿಯೇ ಕಟ್ಟೋಣ ಅಂದಿದ್ದನಂತೆ. ಜಗತ್ತಿನ ಒಂದೇ ಟೈಮು ಇಟ್ಟು, ಪಕ್ಕದಲ್ಲಿ ಯಾವ ಊರು ಅಂತ ಬರೆದಿಡೋಣ ಅಂತ. ಕಾರ್ಖಾನೆಯವರು ತೆರೆದು ನೋಡಿದರೆ ಏಳು ಗಂಟೆ ಶಿಫ್ಟಿನವರು, ಜಗತ್ತಿನ ಲೆಕ್ಕ ನಾಲ್ಕು ಗಂಟೆ ಮುಂದಿರುವುದರಿಂದ, ಹನ್ನೊಂದಕ್ಕೆ ಬಂದಂತೆ ಕಾಣುತ್ತಿತ್ತು. ಮ್ಯಾನೇಜರು ಕೂಗಾಡಿದ. ನಿನ್ನ ಪಾಂಡಿತ್ಯ ನಿನ್ನ ಹತ್ತಿರ ಇಟ್ಟುಕೋ, ಗೋಡೆ ಮೇಲಿನ ಗಡಿಯಾರ ಏನು ತೋರಿಸುತ್ತೋ ಅದನ್ನು ಬರೆದಿಡು ಸಾಕು. ಇವನಿಗೋ ಅದು ಮೊದಲ ಗಿರಾಕಿ. ಹೂಂ ಅಂದ. ಬರೀ ದಿನಾಂಕ, ಬರೀ ಗಂಟೆ. ಯಾವ ಊರಿನದು ಅಂತ ಎಲ್ಲೂ ಬರೆದಿಡಲಿಲ್ಲ.

"ಇಷ್ಟು ವರ್ಷ ಏನೂ ತೊಂದರೆ ಆಗಿರಲಿಲ್ಲ ಮೇಡಂ. ನೋಡೋರು ಎಲ್ಲಾ ಅಲ್ಲಿಯವರೇ. ಈ ಸಾವಾದ ಮೇಲೆ ಸರ್ಕಾರಿ ವಕೀಲರು ಫೋನ್ ಮಾಡಿ, ಟೈಮಿನ ಮುಂದೆ ಯಾವ ವಲಯ ಅಂತ ಬರೆದು ಕೊಡಿ, ಇಲ್ಲದಿದ್ರೆ ಕೋರ್ಟಿನಲ್ಲಿ ನಡೆಯಲ್ಲ ಅಂದ್ರು. ಅಲ್ಲಿ ಇಲ್ಲದ್ದನ್ನ ನಾನೆಲ್ಲಿಂದ ತರಲಿ? ಎರಡರಲ್ಲಿ ಒಂದು ಆರಿಸಬೇಕಿತ್ತು. ಆರಿಸ್ದೆ."

"ಆರಿಸ್ದೆ!" ಡೊರೀತಾ ಮೇಜು ಗುದ್ದಿದಳು. "ಒಬ್ಬ ಮನುಷ್ಯನ ಜೀವ ಕಣೋ ಅದು! ಅದನ್ನ ಗ್ರೀನ್‌ವಿಚ್ ಅಂತ ಬೇರೆ ಬಣ್ಣ ಹೊಡೆದು ಪ್ರಮಾಣ ಮಾಡೋಕೆ ಹೊರಟಿದ್ಯಲ್ಲ, ನಾಚಿಕೆ ಆಗಲ್ವಾ?"

"ಆಗತ್ತೆ. ಆದ್ರೆ ನಾನು ಬರೆದದ್ದು ತಪ್ಪು ಅಂತ ಅಂದ್ರೆ ಮೂರು ಕೌಂಟಿ ಕಚೇರಿಗಳ ಕೆಲಸ ಕೈಬಿಟ್ಟು ಹೋಗತ್ತೆ. ಮನೇಲಿ ಹೆಂಡತಿ ಬಸುರಿ."

ಅವಳು ಉಸಿರು ಬಿಟ್ಟಳು. ಬೈಯುವುದಕ್ಕೂ ಹೊತ್ತಿರಲಿಲ್ಲ. "ಸರಿ. ಅಲ್ಲಿರೋದನ್ನ ಮುಟ್ಟಬೇಡ. ಅದರದ್ದೊಂದು ಪ್ರತಿ ತಗೋ. ಸೆಂಟ್ರಲ್ ಕಿತ್ತು ಈಸ್ಟರ್ನ್ ಹಾಕು. ಆಮೇಲೆ ನಮ್ಮ ಕೋರ್ಟಿನ ಟೈಮಿಗೆ ತಿರುಗಿಸಿ ತೋರಿಸು."

ವೇಡ್ ಕುಟ್ಟಿದ. ಪರದೆ ಒಮ್ಮೆ ಖಾಲಿಯಾಗಿ ಮತ್ತೆ ತುಂಬಿತು. ಮಾರ್ವಾ ಗೇಟಿಗೆ ಬಂದದ್ದು ಆರಕ್ಕೆ ಮುಂಚೆ. ಅಲಾರಂ ಆದ ಮೇಲೆ ಒಂದೇ ಒಂದು ಸಾಲಿಲ್ಲ, ಎಲ್ಲ ಬಾಗಿಲುಗಳೂ ತೆರೆದಿದ್ದವು. ಎರಕ ಹೊಯ್ದ ಹಾಗೆ ಎಲ್ಲ ಸರಿಯಾಗಿ ಕೂತಿತ್ತು.

ವರ್ಲನ್ ಗಿಲ್ಯಾರ್ಡ್ ಬಾಗಿಲು ತೆಗೆದದ್ದು ಒಂಬತ್ತೂ ಹತ್ತಕ್ಕೆ. ಅಲಾರಂ ಹೊಡೆಯುವುದಕ್ಕೆ ಒಂದು ಗಂಟೆಗೂ ಮುಂಚೆ. ಪಾನಾ ಆಗಲೇ ಅಲ್ಲಿ ಮರೆತಿರಬೇಕು. ಅವನು ಅಲ್ಲಿಂದ ಹೊರಬಂದು ಆಚೆ ತುದಿಯಲ್ಲಿ ಲಾರಿ ಫ್ಯಾನ್ ರಿಪೇರಿ ಮಾಡುತ್ತಿದ್ದುದನ್ನು ಡ್ರೈವರ್‌ಗಳು ಮೊದಲೇ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ, ಹೊತ್ತು ತಾಳೆಯಾಗುತ್ತಿರಲಿಲ್ಲವಲ್ಲ.

"ದೇವರು ದೊಡ್ಡವನು," ಅಂದಳು ಡೊರೀತಾ. ಕಣ್ಣು ತುಂಬಿಬಂತು. ಬೇಡಿ ಹಾಕಿದಂದಿನಿಂದ ಅವಳು ಚರ್ಚಿಗೆ ಹೋಗಿರಲಿಲ್ಲ, ಮುಖ ತೋರಿಸಲಾರದೆ. ಈ ಭಾನುವಾರ ಹೋಗಬಹುದು, ಡೀಕನ್ ಮುಂದೆ ಮಂಡಿಯೂರಿ ಕ್ಷಮೆ ಕೇಳಬಹುದು.

"ನನ್ನ ಗತಿ ಏನು ಮೇಡಂ?"

"ಕೋರ್ಟಿಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳು. ಜಡ್ಜ್ ಮರ್ಯಾದೆ ತೆಗೀತಾರೆ. ತೆಗೀಲಿ. ಬೈಗುಳ ತಿಂದು ಸತ್ತೋರಿಲ್ಲ." ಎದ್ದು ಚೀಲ ಹೆಗಲಿಗೇರಿಸಿದಳು. ಬಾಗಿಲವರೆಗೆ ಹೋಗಿ, ಏನೋ ಚುಚ್ಚಿದಂತಾಗಿ ನಿಂತಳು. "ಅಲ್ಲಾ, ಎರಡರಲ್ಲಿ ಒಂದು ಆರಿಸ್ದೆ ಅಂದ್ಯಲ್ಲ. ನಾಣ್ಯ ಚಿಮ್ಮಿದ್ಯಾ?"

"ಅಯ್ಯೋ, ಇಲ್ಲಪ್ಪ! ಕೇಳಿಯೇ ಬರೆದದ್ದು. ಕಾರ್ಖಾನೆಗೇ ಹೋಗಿದ್ದೆ."

"ಯಾರನ್ನ ಕೇಳ್ದೆ?"

"ಬಾಗಿಲು, ಗಡಿಯಾರ ಎಲ್ಲಾ ನೋಡ್ಕೊಳ್ಳೋರು ಅಲ್ಲಿ ಒಬ್ರೇ ಅಲ್ವಾ. ಮಿಸ್ಟರ್ ವರ್ಲನ್."

ಡೊರೀತಾ ಹಿಂದಕ್ಕೆ ತಿರುಗಿದಳು. ಮೆಲ್ಲಗೆ ಬಾಗಿಲು ಮುಚ್ಚಿ ಒಳಗೆ ಬಂದಳು.

"ಸರಿಯಾಗಿ ಹೇಳು. ವರ್ಲನ್ ಏನಂದ್ರು?"

"ಆಗಿನ್ನೂ ನೀವು ಅವರನ್ನ ಹಿಡಿದಿರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಅವರ ಮುಂದಿಟ್ಟೆ. ಮಿಸ್ಟರ್ ವರ್ಲನ್, ಇದು ಈಸ್ಟರ್ನಾ ಸೆಂಟ್ರಲ್ಲಾ ಅಂದೆ. ಮೊದಲು ನಕ್ಕರು. ಎಂಥಾ ಪೆದ್ದು ಪ್ರಶ್ನೆ ಕೇಳ್ತೀಯೋ ಮಗಾ ಅಂದ್ರು. ಉತ್ತರ ಬಾಯಲ್ಲೇ ಇತ್ತು ಅನ್ಸತ್ತೆ. ಆಮೇಲೆ ಪರದೆ ಕಡೆ ನೋಡಿದ್ರು. ಕಂಪ್ರೆಸರ್ ರೂಮಿನ ಸಾಲುಗಳು. ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. ಅಲ್ಲಿಂದ ಕೆಳಗೆ ಇಳಿಸಿದ್ರು. ಒಂದು ಕಡೆ ಬೆರಳು ನಿಂತ್ಬಿಡ್ತು."

"ಆಮೇಲೆ?"

"ಸುಮ್ಮನೆ ಕೂತ್ರು. ಎಷ್ಟು ಹೊತ್ತು ಅಂದ್ರೆ, ಹುಷಾರಿಲ್ವಾ ಅಂತ ನಾನೇ ಕೇಳ್ದೆ. ನೀರು ಕುಡಿದ್ರು. ಸೆಂಟ್ರಲ್ ಅಂತ ಬರಿ ಅಂದ್ರು. ಖಾತ್ರಿನಾ ಅಂದೆ. ಖಾತ್ರಿ ಕಣೋ, ಯಾರು ಕೇಳಿದ್ರೂ ಸೆಂಟ್ರಲ್ಲೇ ಅನ್ನು ಅಂದ್ರು. ಬೀಳ್ಕೊಡುವಾಗ ಕೈ ಹಿಡ್ಕೊಂಡ್ರು ಮೇಡಂ. ತಣ್ಣಗಿತ್ತು ಕೈ."

ಒಂದು ಗಂಟೆ ಹೆಚ್ಚು ಕಡಿಮೆಯಾದರೆ ಕುಣಿಕೆ ಯಾರ ಕೊರಳಿಗೆ ಅನ್ನುವುದು ಆ ಮನುಷ್ಯನಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ತನ್ನ ಕೊರಳಿಗೆ ಎಳೆದುಕೊಂಡಿದ್ದ. ಪೊಲೀಸರ ಮುಂದೆ ತುಟಿ ಬಿಚ್ಚದ್ದು ಯಾಕೆ ಅಂತ ಡೊರೀತಾಳಿಗೆ ಈಗ ಅರ್ಥವಾಯಿತು.

"ಕಂಪ್ರೆಸರ್ ರೂಮೊಂದೇ ತೋರಿಸು. ಅವರ ಹೆಸರಿನ ಕೆಳಗೆ ಏನಿದೆ?"

ಸರ್ಕಾರಿ ವಕೀಲರು ಅಲಾರಂವರೆಗಿನ ಸಾಲುಗಳನ್ನಷ್ಟೇ ತರಿಸಿಕೊಂಡಿದ್ದರು. ಸತ್ತ ಮೇಲೆ ಯಾರು ಬಂದರೆ ಯಾರಿಗೇನು. ಮುಂದಿನದನ್ನು ಯಾರೂ ಕೇಳಿರಲಿಲ್ಲ. ಹಳೆಯ ಲೆಕ್ಕದಲ್ಲಿ ಸಾವು ಕಳೆದು ಒಂದು ಗಂಟೆಯ ನಂತರ, ಹನ್ನೊಂದೂ ಕಾಲಿಗೆ ಇದ್ದ ಒಂದು ಸಾಲು, ಈಗ ಹತ್ತೂ ಕಾಲಿಗೆ ಬಂದು ಕೂತಿತ್ತು. ಅಲಾರಂಗೆ ಐದು ನಿಮಿಷ ಮುಂಚೆ.

ಅದರ ಮೇಲಿನ ಸಾಲು ಎಂಟ್ರೆಕಿನ್‌ನದು, ಆಗತಾನೇ ಒಳಗೆ ಹೋದದ್ದು. ವರ್ಲನ್ ತೆಗೆದ ಬಾಗಿಲಿನಿಂದಲೇ ಅವನೂ ಒಳಗೆ ಹೋಗಿದ್ದ ಅಂತ ಇಷ್ಟು ದಿನ ಎಲ್ಲರೂ ಅಂದುಕೊಂಡಿದ್ದರು. ಅವನ ಬೆನ್ನಿಗೇ ಈ ಕಾರ್ಡು.

ಗಿಲ್ಯಾರ್ಡ್, ಡನೀಷಾ.

ಆವತ್ತು ಬೆಳಿಗ್ಗೆಯೆಲ್ಲ ಕ್ಯಾಂಟೀನಿನಲ್ಲೇ ಇದ್ದೆ ಅಂದಿದ್ದಳು ಹುಡುಗಿ. ಅದನ್ನು ಬರೆದುಕೊಂಡವಳೂ ಡೊರೀತಾಳೇ. ಅಳುತ್ತಾ ಕೂತವಳನ್ನು ಹೆಚ್ಚು ಕೆದಕಲು ಮನಸ್ಸಾಗಿರಲಿಲ್ಲ.

"ಮಗಳಲ್ವಾ ಮೇಡಂ?" ವೇಡ್ ಪಿಸುಗುಟ್ಟಿದ. "ಈಗ ನಾನು ಕೋರ್ಟಿನಲ್ಲಿ ಯಾವ ಟೈಮು ಹೇಳಲಿ?"

ಡೊರೀತಾ ಕನ್ನಡಕ ತೆಗೆದು ಒರೆಸಿದಳು. ನಿಜ ಹೇಳಿದರೆ ಅಪ್ಪ ಹೊರಗೆ, ಮಗಳು ಒಳಗೆ. ಸುಮ್ಮನಿದ್ದರೆ ಅಪ್ಪ ಬಯಸಿದ್ದೇ ಆಗುತ್ತದೆ. ಬಯಸಿದವನು ನಿರಪರಾಧಿ ಅಂತ ಈಗ ಅವಳಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದರೆ ಈ ಕೆಲಸಕ್ಕೆ ಮಣ್ಣು ಹಾಕಬೇಕು.

ಚೀಲದೊಳಗೆ ಫೋನು ಗುರುಗುಟ್ಟಿತು. ತೆಗೆದಳು.

"ಮಿಸ್ ಡೊರೀತಾ? ನಾನು ಡನೀಷಾ. ಕೋರ್ಟಿನಲ್ಲೇ ಇದೀನಿ. ಅಪ್ಪನ್ನ ಈಗಷ್ಟೇ ಕರ್ಕೊಂಡು ಬಂದ್ರು. ನನ್ನ ಕಡೆ ನೋಡ್ತಾನೇ ಇಲ್ಲ." ದನಿಯಲ್ಲಿ ಬೆಳಗಿನ ಅಳು ಇನ್ನೂ ಇತ್ತು. "ಏನಾದ್ರೂ ಸಿಕ್ತಾ?"

"ಸಿಕ್ತು ಮಗಾ."

"ಅಪ್ಪ ಬಿಡುಗಡೆ ಆಗ್ತಾರಾ?"

ಡೊರೀತಾ ಗೋಡೆಗೆ ಒರಗಿ ನಿಂತಳು. ಕೇಳಬಾರದು, ಫೋನಿನಲ್ಲಂತೂ ಕೇಳಲೇಬಾರದು, ಇಪ್ಪತ್ತು ವರ್ಷದ ನೌಕರಿ ಅಷ್ಟು ಕಲಿಸಿತ್ತು. ಆದರೂ ಬಾಯಿ ತಡೆಯಲಿಲ್ಲ.

"ಡನೀಷಾ, ಎಂಟ್ರೆಕಿನ್ ಹಿಂದೆ ಆ ರೂಮಿಗೆ ನೀನು ಯಾಕೆ ಹೋದೆ?"

ಆ ಕಡೆ ಕೋರ್ಟಿನ ಜನರ ಗುಜುಗುಜು ಕೇಳಿಸುತ್ತಿತ್ತು. ಯಾರೋ ಕೆಮ್ಮಿದರು. ಹುಡುಗಿಯ ಉಸಿರು ಫೋನಿಗೆ ತೀರಾ ಹತ್ತಿರ ಬಂತು, ಅಳು ಪೂರ್ತಿ ನಿಂತಿತ್ತು.

"ಅಪ್ಪ ಹೇಳಿಬಿಟ್ರಾ?"